ಮೂರನೆಯವಳೂ ಐದನೆಯವಳೂ

ಬೀದರಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರ ಪೈಕಿ ಎಲ್ಲರಿಗಿಂತ ದೊಡ್ಡವರು ಯಾರು ಎಂಬ ಜಗಳ ನಡೆದದ್ದು ನನ್ನ ಚಹಾದ ಅಂಗಡಿಯ ಮುಂದೆ ಕೂರುವ ಬಾಕಿನ ಮೇಲೆ. ಬಾಕು ನನ್ನದು, ಚಹಾ ನನ್ನದು, ಜಗಳ ಅವರದು. ಜಗಳ ಮುಗಿದಾಗ ನನ್ನ ಮಗಳ ಹೆಸರು ಗೋಡೆಯ ಮೇಲೆ ಇರಬೇಕಾಗಿತ್ತು. ಈಗ ಇಲ್ಲ. ಅದು ಹೇಗಾಯಿತು ಎಂದು ಬರೆಯುತ್ತೇನೆ.

ನಾನು ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋದವಳು. ಒಂದು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ತಪ್ಪಿದ್ದರೆ ಇರಲಿ, ತಿದ್ದುವವರು ತಿದ್ದಿಕೊಳ್ಳಲಿ.

ಅಂಗಡಿ ಇರುವುದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಹಿಂದಿನ ಗೇಟಿನ ಹತ್ತಿರ. ಕೈಲಾಗುವ ತನಕ ಆ ಹಾಸ್ಟೆಲ್ಲಿನಲ್ಲಿ ನಾನು ಅಡುಗೆಯವಳಾಗಿದ್ದೆ. ಹುಟ್ಟಿದ್ದು ಭಾಲ್ಕಿ ತಾಲೂಕಿನ ಮೆಹಕರ, ಕೊಟ್ಟದ್ದು ಖಟಕ ಚಿಂಚೋಳಿಗೆ. ಗಂಡ ಬೇಗ ಸತ್ತ. ಅತ್ತೆಯ ಮನೆಯಲ್ಲಿ ಕೂಲಿಯವರಿಗೂ ನನಗೂ ಫರಕು ಇರಲಿಲ್ಲ. ಇದ್ದದ್ದು ಒಂದೇ, ಕೂಲಿಯವರು ಸಂಜೆಗೆ ತಮ್ಮ ಮನೆಗೆ ಹೋಗುತ್ತಿದ್ದರು. ಮಗಳನ್ನು ಸೊಂಟದ ಮೇಲೆ ಹೊತ್ತು ಬೀದರಿಗೆ ಬಂದೆ. ಹಾಸ್ಟೆಲ್ಲಿನ ವಾರ್ಡನ್ ಕ್ರೈಸ್ತರ ಹೆಣ್ಣುಮಗಳು, ಬಾಯಿ ಎಂದು ಕರೆಯುತ್ತಿದ್ದೆವು. ಮಾತು ಕಡಿಮೆ. ಜೋಳದ ರೊಟ್ಟಿ ಬಡಿಯಲು ಬರುತ್ತದೋ ಎಂದು ಕೇಳಿದಳು, ಬರುತ್ತದೆ ಎಂದೆ. ನನ್ನ ಬಗ್ಗೆ ಬೇರೇನೂ ಕೇಳಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಮರ್ಯಾದೆ.

ಹಾಸ್ಟೆಲ್ಲಿನ ಹಿಂದೆ ಕೆಮ್ಮಣ್ಣಿನ ಬಯಲು. ಆಚೆ ಒಂದು ಕಬ್ಬಿಣದ ಕಂಬ, ಈಚೆ ಒಂದು. ಕಂಬಕ್ಕೆ ಹಲಗೆ, ಹಲಗೆಗೆ ರಿಂಗು. ರಿಂಗಿಗೆ ಕಟ್ಟಿದ ಜಾಲಿ ಯಾವಾಗಲೋ ಹರಿದು ಹೋಗಿತ್ತು. ಚೆಂಡು ರಿಂಗಿನೊಳಗೆ ಬಿತ್ತೋ, ಪಕ್ಕದಿಂದ ಹೋಯಿತೋ ಎಂದು ಹುಡುಗಿಯರು ದಿನಾ ಕಚ್ಚಾಡುತ್ತಿದ್ದರು. ವಾರ್ಡನ್ ಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ತಾನೇ ಆಟ ಕಲಿಸುತ್ತಿದ್ದಳು. ಆ ಬಯಲಿನಲ್ಲಿ ಬೆಳಗ್ಗೆ ಹುಡುಗಿಯರು, ಸಂಜೆ ಊರಿನ ಗಂಡಸರು. ಹೀಗೆ ಪಾಳಿಯ ಮೇಲೆ ಆಟ. ಅಡುಗೆಮನೆಯ ಕಿಟಕಿ ಆ ಕಡೆಗೇ ಇತ್ತು. ಹೀಗಾಗಿ ಎಲ್ಲರ ಆಟವನ್ನೂ ನಾನು ನೋಡಿದ್ದೇನೆ, ರೊಟ್ಟಿ ಬಡಿಯುತ್ತಾ.

ಮಗಳು ನನ್ನ ಹತ್ತಿರ ಕುಳಿತು ರೊಟ್ಟಿ ಬಡಿಯುವುದು ಕಲಿತಳು. ರೊಟ್ಟಿ ಬಡಿಯುವವರು ಹಸಿ ಕೈಯಿಂದ ಬಡಿಯುವುದಿಲ್ಲ. ಅಂಗೈಯನ್ನು ಒಣಹಿಟ್ಟಿನಲ್ಲಿ ಉಜ್ಜಿ, ಹೆಚ್ಚಾದದ್ದನ್ನು ಊದಿ, ಆಮೇಲೆ ಬಡಿಯಬೇಕು. ಇಲ್ಲದಿದ್ದರೆ ಹಿಟ್ಟು ಕೈಗೆ ಅಂಟುತ್ತದೆ. ಅವಳು ಎಡಚಿ. ಚೆಂಡು ಕೈಗೆ ಬಂದಾಗಲೂ ಅದನ್ನೇ ಮಾಡತೊಡಗಿದಳು. ಆಟ ನಿಲ್ಲಿಸಿ ಒಂಟಿಯಾಗಿ ಚೆಂಡು ಹಾಕುವ ಅವಕಾಶ ಬಂದರೆ ಸಾಕು, ಬಗ್ಗಿ ಎಡ ಅಂಗೈಯನ್ನು ಕೆಮ್ಮಣ್ಣಿಗೆ ಉಜ್ಜುತ್ತಿದ್ದಳು, ಉಫ್ ಎಂದು ಊದುತ್ತಿದ್ದಳು, ಎಸೆಯುತ್ತಿದ್ದಳು. ಚೆಂಡಿನ ಮೇಲೆ ಕೆಂಪು ಕೈ ಮೂಡುತ್ತಿತ್ತು. ಯಾರೂ ಕಲಿಸಿದ್ದಲ್ಲ. ರೊಟ್ಟಿಯಿಂದ ಬಂದದ್ದು.

ನಾನು ಹೊಗಳುವವಳಲ್ಲ. ಆಗಿನ ಅವಳ ಆಟ ಹೇಗಿತ್ತು ಎಂದರೆ, ಓಟ ಬಹಳ, ಬುದ್ಧಿ ಕಡಿಮೆ. ಯಾರಿಗೂ ಚೆಂಡು ಕೊಡುತ್ತಿರಲಿಲ್ಲ. ಮೂವರು ಅಡ್ಡ ಬಂದರೂ ತಾನೇ ಹೋಗಬೇಕು. ಬಹಳ ಸಲ ಹೋಗಿಯೂ ಬಿಡುತ್ತಿದ್ದಳು. ಊರಿನ ಗಂಡಸರು, ಪಾಳಿ ಸಂಜೆಗಿದ್ದರೂ, ಬೆಳಗ್ಗೆಯೇ ಬಂದು ಗೋಡೆಯ ಮೇಲೆ ಕುಳಿತು ನೋಡುತ್ತಿದ್ದರು. ಅವರಲ್ಲಿ ಆಟದ ಸರ್ ಒಬ್ಬರು, ಆಗಿನ್ನೂ ಹೊಸದಾಗಿ ನೌಕರಿಗೆ ಸೇರಿದ್ದರು. ಜಿಲ್ಲೆಯ ತಂಡದಲ್ಲಿ ಅವಳನ್ನು ಆಡಿಸಿದವರು ಅವರೇ. ಆ ಉಪಕಾರ ನಾನು ಮರೆತಿಲ್ಲ. ಮರೆತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಟೀಚರ್ ಟ್ರೇನಿಂಗ್ ಮುಗಿದ ಕೂಡಲೇ ಅವಳನ್ನು ಔರಾದಿಗೆ ಕೊಟ್ಟೆ. ಒಳ್ಳೆಯ ಮನೆತನ. ಹುಡುಗ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಅದಕ್ಕಿಂತ ಹೆಚ್ಚು ಕೇಳುವ ತಾಕತ್ತು ನನಗಿರಲಿಲ್ಲ. ನಮ್ಮ ಗಡಿಯ ಕಡೆ ಒಂದು ಪದ್ಧತಿ ಇದೆ, ಮೈಸೂರು ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಲಗ್ನವಾದ ಮೇಲೆ ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಗಂಡು ಉಂಗುರದಿಂದ ಆ ಅಕ್ಕಿಯಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ಹುಡುಗಿಯ ಹೆಸರು ಅದೇ. ತಂದೆಯ ಹೆಸರು, ಮನೆತನದ ಹೆಸರು ಮಾತ್ರವಲ್ಲ, ಕರೆಯುವ ಹೆಸರೂ ಹೋಗುತ್ತದೆ. ನನ್ನದೂ ಹೋಗಿತ್ತು. ಮೆಹಕರದಲ್ಲಿ ಇಟ್ಟ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಬದುಕಿಲ್ಲ.

ಮಗಳ ಹೆಸರು ನಾನಿಟ್ಟದ್ದು. ಅಕ್ಕಿಯಲ್ಲಿ ಬೇರೆ ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನೌಕರಿಗೆ ಅರ್ಜಿ ಹಾಕುವ ಮೊದಲು ಅವಳ ಮಾವ ವಕೀಲನ ಹತ್ತಿರ ಹೋಗಿ ಕಾಗದಗಳಲ್ಲೂ ಹೊಸ ಹೆಸರನ್ನೇ ಮಾಡಿಸಿದ. ಬೇರೆ ಬೇರೆ ಹೆಸರಿದ್ದರೆ ಮುಂದೆ ತ್ರಾಸಾಗುತ್ತದೆ ಎಂದ. ತ್ರಾಸು ಆಯಿತು, ಆದರೆ ಅವನು ಹೇಳಿದ ತ್ರಾಸಲ್ಲ.

ಔರಾದಿನ ಆ ಸೀಮೆಯಲ್ಲಿ ಎಲ್ಲೂ ರಿಂಗು ಇರಲಿಲ್ಲ. ಹಳ್ಳಿಯ ಸರಕಾರಿ ಸಾಲಿಯಲ್ಲಿ ಟೀಚರ್ ಆದಳು, ಎರಡು ಮಕ್ಕಳಾದವು, ಮೈ ಬಂತು. ಆಟ ಮರೆತಳು ಎಂದು ನಾನೂ ತಿಳಿದಿದ್ದೆ. ಒಂದು ವರ್ಷ ಸರಕಾರಿ ನೌಕರರ ಕ್ರೀಡಾಕೂಟಕ್ಕೆ ಹೆಂಗಸರ ತಂಡ ಕಟ್ಟಲು ಭಾಲ್ಕಿಯ ಕಚೇರಿಯ ಒಬ್ಬ ಸಾಹೇಬರು ಊರೂರು ತಿರುಗುತ್ತಿದ್ದರು. ಆಡಲು ಬರುವವರು ಸಿಗುತ್ತಿರಲಿಲ್ಲ. ಇವಳು ಕೈ ಎತ್ತಿ, ಸ್ವಲ್ಪ ಬರುತ್ತದೆ ಎಂದಳಂತೆ. ಎಲ್ಲಿ ಕಲಿತಿರಿ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಲ್ಲಿಂದ ಬಹಳ ವರ್ಷ ಆಡಿದಳು, ಮೊಣಕಾಲು ಬೇಡ ಅನ್ನುವ ತನಕ. ಬೇರೆ ಜಿಲ್ಲೆಗೆ ಹೋಗಿ ಗೆದ್ದು ಕಪ್ಪು ತಂದರು. ಭಾಲ್ಕಿಯಲ್ಲಿ ಆಟವಿದ್ದಾಗ ನಾನು ಎರಡು ಮೂರು ಸಲ ಹೋಗಿ, ಹಿಂದೆ ನಿಂತು ನೋಡಿ ಬಂದೆ. ಈಗ ಓಟ ಇರಲಿಲ್ಲ. ಆದರೆ ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು. ತಾನು ನಿಂತಲ್ಲೇ ನಿಂತು ಉಳಿದವರನ್ನು ಓಡಿಸುತ್ತಿದ್ದಳು. ಸಿಮೆಂಟಿನ ನೆಲಕ್ಕೂ ಬಗ್ಗಿ ಅಂಗೈ ಉಜ್ಜುತ್ತಿದ್ದಳು. ಅಲ್ಲಿ ಮಣ್ಣು ಎಲ್ಲಿ ಬರಬೇಕು.

ನನ್ನ ಪ್ರಕಾರ ಆಗಿನವಳೂ ಈಗಿನವಳೂ ಸೇರಿದರೆ ಒಬ್ಬ ಪೂರಾ ಆಟಗಾರ್ತಿ. ಬೇರೆ ಬೇರೆ ನೋಡಿದರೆ ಅರ್ಧ ಅರ್ಧ. ಈ ಊರಿನವರು ಬೇರೆ ಬೇರೆಯಾಗಿಯೇ ನೋಡಿದ್ದರು.

ಅಡುಗೆ ಕೆಲಸ ಬಿಟ್ಟ ಮೇಲೆ ಚಹಾ, ಸುಸಲಾ, ಮಿರ್ಚಿ ಭಜಿಯ ಅಂಗಡಿ ಹಾಕಿಕೊಂಡೆ. ಸಂಜೆ ಆಡಿ ಬಂದವರು ಬಾಕಿನ ಮೇಲೆ ಕೂರುತ್ತಾರೆ. ಈಗಿನ ಹುಡುಗರಿಗೆ ಅಮೆರಿಕದ ಆಟಗಾರರೆಂದರೆ ಪ್ರಾಣ. ಮೊಬೈಲ್ ಮುಂದೆ ಹಿಡಿದು, ಇವನು ಮೇಲೋ ಅವನು ಮೇಲೋ ಎಂದು ಕೂಗಾಡುತ್ತಾರೆ. ಅವರಿಬ್ಬರೂ ಒಮ್ಮೆಯೂ ಎದುರುಬದುರು ಆಡಿಲ್ಲವಂತೆ, ಒಬ್ಬನ ಕಾಲದಲ್ಲಿ ಇನ್ನೊಬ್ಬ ಇನ್ನೂ ಚಡ್ಡಿ ಹಾಕುತ್ತಿದ್ದನಂತೆ. ಆದರೂ ತೂಗುತ್ತಾರೆ. ಒಂದು ದಿನ ಇದನ್ನು ಕೇಳಿಸಿಕೊಂಡ ಆಟದ ಸರ್, ಹೊರಗಿನವರದು ಸಾಕು, ನಮ್ಮ ಊರಿನವರದು ತೂಗಿ ಎಂದರು. ಅವರು ಈಗ ರಿಟೈರ್ ಆಗಿದ್ದಾರೆ. ಭಾಲ್ಕಿಯ ಸಾಹೇಬರೂ ರಿಟೈರ್ ಆಗಿ ಬೀದರಿನಲ್ಲೇ ಮನೆ ಕಟ್ಟಿದ್ದಾರೆ. ತಂಡ ಕಟ್ಟಿದವರೆಂದು ಇಬ್ಬರೂ ಹಳೆಯ ಆಟಗಾರರ ಮಂಡಳಿಗೆ ದೊಡ್ಡವರು. ಬಯಲಿಗೆ ಹೊಸ ಸಿಮೆಂಟು ಬರುವುದಿತ್ತು. ಹಿಂದಿನ ಗೋಡೆಗೆ ಸುಣ್ಣ ಹೊಡೆಸಿ ಅದರ ಮೇಲೆ ಐದು ಜನರ ಹೆಸರು ಬರೆಸುವುದು, ದೊಡ್ಡವರಿಂದ ಹಿಡಿದು ನಂಬರಿನ ಪ್ರಕಾರ, ಎಂದು ಠರಾವಾಯಿತು. ಗಂಡು ಹೆಣ್ಣು ಎಂದು ಭೇದ ಮಾಡುವುದಿಲ್ಲ ಎಂದು ಎದೆ ಮುಂದೆ ಮಾಡಿ ಹೇಳಿದರು.

ಮಳೆಗಾಲ ಪೂರ್ತಿ ಅದೇ ಜಗಳ. ಮೊದಲನೆಯವನ ಬಗ್ಗೆ ಯಾರದೂ ತಕರಾರು ಇರಲಿಲ್ಲ. ಹೈದರಾಬಾದಿಗೆ ಹೋಗಿ ದೊಡ್ಡ ತಂಡದಲ್ಲಿ ಆಡಿ ಸತ್ತವನು. ಎರಡನೆಯವನು ಉದ್ದನೆಯವ, ಈಗ ದುಬೈಯಲ್ಲಿದ್ದಾನೆ. ಬಯಲಿಗೆ ಸಿಮೆಂಟು ಹಾಕಿಸಿಕೊಡುವವನು ಅವನೇ ಎಂದು ಗೊತ್ತಾದ ಮೇಲೆ ಅವನ ಆಟ ಎಲ್ಲರಿಗೂ ಇನ್ನಷ್ಟು ನೆನಪಾಯಿತು. ಮೂರನೆಯ ಜಾಗಕ್ಕೆ ಆಟದ ಸರ್ ನನ್ನ ಮಗಳ ಹೆಸರು ಹೇಳಿದರು, ನಾನಿಟ್ಟ ಹೆಸರು. ನನ್ನ ಕಡೆ ತಿರುಗಿ, ಆಯಿ, ನಿನ್ನ ಮಗಳು ಲಗ್ನ ಆಗದಿದ್ದರೆ ಎಲ್ಲಿಗೋ ಹೋಗುತ್ತಿದ್ದಳು, ಅಲ್ಲಿಗೇ ಮುಗಿಯಿತು ನೋಡು ಎಂದರು. ಲಗ್ನವಾದ ಹುಡುಗಿ ಮತ್ತೆ ಚೆಂಡು ಮುಟ್ಟಿರಬಹುದು ಎಂಬ ವಿಚಾರ ಅವರ ತಲೆಯ ಹತ್ತಿರವೂ ಬಂದಿರಲಿಲ್ಲ. ಭಾಲ್ಕಿಯ ಸಾಹೇಬರು ಇನ್ನೊಂದು ಹೆಸರು ಹೇಳಿದರು. ನಮ್ಮ ಔರಾದ ಮೇಡಂ, ಅವರ ಮುಂದೆ ಹಾಸ್ಟೆಲ್ಲಿನ ಹುಡುಗಿ ಏನೂ ಅಲ್ಲ ಎಂದರು. ಒಬ್ಬ ಸೊಸೆ ಮೊದಲು ಯಾರದೋ ಮಗಳಾಗಿ ಎಲ್ಲಿಯೋ ಆಡಿರಬಹುದು ಎಂದು ಅವರಿಗೂ ಅನಿಸಿರಲಿಲ್ಲ.

ನಾನು ಭಜಿ ಕರಿಯುತ್ತಾ ಇದ್ದೆ. ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಎಷ್ಟು ದೂರ ಹೋಗುತ್ತಾರೆ ನೋಡೋಣ ಎಂದುಕೊಂಡೆ. ಬಹಳ ದೂರ ಹೋದರು.

"ನಮ್ಮ ಹುಡುಗಿ ಚೆಂಡು ಹಾಕೂಕಿಂತ ಮೊದಲ ಎಡಗೈ ನೆಲಕ್ಕ ಉಜ್ಜಿ ಊದತಿದ್ಳು," ಎಂದರು ಸರ್. "ಹಂಗ ಮಾಡಾಕಿ ಹುಟ್ಟಿಲ್ಲ ಇನ್ನ."

"ಹುಟ್ಯಾರಲ್ರಿ ಸರ್. ನಮ್ಮ ಮೇಡಂ ಹಂಗೇ ಮಾಡ್ತಿದ್ರು."

"ಹಂಗಾದ್ರ ನಿಮ್ಮ ಮೇಡಂ ನಮ್ಮ ಹುಡುಗಿನ್ನ ನೋಡಿ ನಕಲ ಹೊಡದಾರ."

"ನಕಲ ಯಾರು ಹೊಡೀತಾರಿ? ನಿಮ್ಮ ಹುಡುಗಿ ಮಣ್ಣಾಗ ಉಜ್ಜತಿತ್ತು, ಚಾಲಾಕಿ ಅದು, ಚೆಂಡು ಜಾರಬಾರದಂತ. ನಮ್ಮ ಮೇಡಂ ಸಿಮೆಂಟಿಗಿ ಉಜ್ಜತಿದ್ರು. ಅದು ಭಕ್ತಿರಿ. ನೆಲಕ್ಕ ನಮಸ್ಕಾರ."

ಬಾಕಿನ ಮೇಲಿದ್ದವರೆಲ್ಲ ನಕ್ಕರು. ಇಬ್ಬರೂ ಅಕ್ಕತಂಗಿಯರಿರಬೇಕು, ಒಂದೇ ಕೊಡದ ನೀರು ಕುಡಿದಿರಬೇಕು ಎಂದು ಯಾರೋ ಚಾಷ್ಟಿ ಮಾಡಿದರು. ನನ್ನ ಮಗಳೇ ನನ್ನ ಮಗಳ ನಕಲು ಮಾಡಿದಳು ಎಂದು ಇಬ್ಬರು ಓದಿದವರು ಕಚ್ಚಾಡುವುದನ್ನು ನಾನು ನನ್ನ ಈ ಕಿವಿಯಿಂದ ಕೇಳಿದ್ದೇನೆ. ಖರೆ ಗೊತ್ತಿದ್ದವರು ಇರಲಿಲ್ಲವೇ? ಇದ್ದರು. ಅವಳ ಜೊತೆ ಆ ಬಯಲಿನಲ್ಲಿ ಆಡಿದ ಹುಡುಗಿಯರು. ಅವರೆಲ್ಲ ಉದಗೀರ, ಝಹೀರಾಬಾದ, ಕಲಬುರಗಿ ಎಂದು ಚದುರಿ ಹೋಗಿದ್ದರು, ಅವರಲ್ಲೂ ಕೆಲವರ ಹೆಸರು ಅಕ್ಕಿಯಲ್ಲಿ ಬದಲಾಗಿತ್ತು. ಮಂಡಳಿಯವರ ವಾಟ್ಸಾಪಿನಲ್ಲಿ ಅವರು ಒಬ್ಬರೂ ಇರಲಿಲ್ಲ. ಯಾರೂ ಅವರನ್ನು ಹುಡುಕಿರಲಿಲ್ಲ.

ಕೊನೆಗೆ ರಾಜಿಯಾಯಿತು. ಮೂರನೆಯ ಜಾಗ ಹಾಸ್ಟೆಲ್ಲಿನ ಹುಡುಗಿಗೆ, ನಾಲ್ಕನೆಯದು ಒಬ್ಬ ಪೊಲೀಸನಿಗೆ, ಐದನೆಯದು ಔರಾದ ಮೇಡಂಗೆ.

ನಾನು ಅಂಗಡಿ ಮುಚ್ಚಿ ಔರಾದಿನ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನಿಸಿತು. ಮಗಳು ಅಡುಗೆಮನೆಯಲ್ಲಿ ಮೊಣಕಾಲಿನ ಸಲುವಾಗಿ ಸ್ಟೂಲಿನ ಮೇಲೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಪಟ್ಟಿಯ ವಿಷಯ ಹೇಳಿದೆ. ಮೊದಲು ನಕ್ಕಳು. ಹೊಟ್ಟೆ ಹಿಡಿದು ನಕ್ಕಳು, ಲಗ್ನದ ಮೊದಲು ನಗುತ್ತಿದ್ದ ಹಾಗೆ. ಆಮೇಲೆ ನಗು ನಿಂತಿತು.

"ಅವ್ವಾ, ಎರಡೂ ಸೇರಿಸಿದ್ರ ನಾ ಎಲ್ಲಿ ಬರ್ತೇನಿ?"

ನೀನೇ ಹೇಳು ಎಂದೆ. ಮೊದಲನೆಯ ಜಾಗ ಎಂದಳು, ಒಂದು ಕ್ಷಣವೂ ತಡೆಯಲಿಲ್ಲ. ನಾನು ಇಲ್ಲ ಎಂದೆ. ಸತ್ತವನ ಆಟ ನಾನು ನೋಡಿದ್ದೇನೆ, ಅವನು ಮೇಲೆ ಹಾರಿದರೆ ಕೆಳಗೆ ಬರುವುದೇ ಮರೆಯುತ್ತಿದ್ದ. ನೀನು ಎರಡನೆಯವಳು ಎಂದೆ. ಉದ್ದನೆಯವನಿಗಿಂತ ನೀನು ಮೇಲೆ, ಅವನಿಗೆ ಎತ್ತರ ಬಿಟ್ಟರೆ ಬೇರೆ ಏನಿತ್ತು. ಅವಳ ಮುಖ ಸಣ್ಣದಾಯಿತು, ಆದರೂ ನಾನು ಮಾತು ಬದಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಆಗಲಿ, ಎರಡನೆಯದೇ ಆಗಲಿ ಎಂದಳು. ಆಮೇಲೆ ಒಂದು ಮಾತು ಕೇಳಿದಳು. ಲಗ್ನವಾದ ಮೇಲೆ ಅವಳು ನನ್ನ ಹತ್ತಿರ ಸೀರೆ ಕೇಳಿಲ್ಲ, ಬಾಣಂತನಕ್ಕೆ ತುಪ್ಪ ಕೇಳಿಲ್ಲ. ಕೇಳಿದ್ದು ಇದೊಂದೇ.

"ಎರಡೂ ನಾನೇ ಅಂತ ನೀ ಹೇಳು. ನಾ ಹೇಳಿದ್ರ ಬಡಾಯಿ ಅಂತಾರ. ಒಂದೇ ಕಡಿ ಬರೀಲಿ. ನೀ ಇಟ್ಟ ಹೆಸರ್ಲೇ ಬರೀಲಿ."

ಅಳಿಯ ಹೊರಗಿನ ಕೋಣೆಯಲ್ಲಿ ಕೇಳಿಸಿಕೊಂಡ. ಒಳ್ಳೆಯವನು, ಅವಳು ಆಡುವಾಗ ಎಂದೂ ಅಡ್ಡ ಬಂದವನಲ್ಲ. ಬಾಗಿಲಿಗೆ ಬಂದು, ಗೋಡೆಯ ಮೇಲೆ ಬರುವುದಾದರೆ ನಮ್ಮ ಮನೆಯ ಹೆಸರಿನಲ್ಲಿ ಬರಲಿ ಅತ್ತಿ, ಈ ಮನೆಯಲ್ಲಿದ್ದೇ ಕಪ್ಪು ತಂದಾಳ ಎಂದ. ಮಗಳು ಅಂಗೈಯನ್ನು ಹಿಟ್ಟಿಗೆ ಉಜ್ಜಿ ಊದಿದಳು.

ಮಾರನೆಯ ದಿನ ಸಂಜೆ ಮಂಡಳಿಯವರೆಲ್ಲ ಬಾಕಿನ ಮೇಲೆ ಇದ್ದಾಗ ನಾನು ಒಲೆ ಸಣ್ಣ ಮಾಡಿ ಎದುರಿಗೆ ಹೋಗಿ ನಿಂತೆ.

"ಸರ್, ನಿಮ್ಮ ಮೂರನೇದಾಕಿ, ಸಾಹೇಬ್ರ ಐದನೇದಾಕಿ, ಇಬ್ಬರೂ ಒಬ್ಬಾಕೇ. ನನ್ನ ಮಗಳು. ಔರಾದಾಗ ಹೆಸರು ಬದಲ್ ಮಾಡ್ಯಾರ, ಕೈ ಬದಲ್ ಮಾಡಿಲ್ಲ."

ಸಾಹೇಬರು ಮೊಬೈಲಿನಲ್ಲಿ ತಂಡದ ಹಳೆಯ ಫೋಟೋ ತೆಗೆದು ನನಗೆ ತೋರಿಸಿದರು. ನಡುವೆ ಕಪ್ಪು ಹಿಡಿದು ನಿಂತವಳ ಮೇಲೆ ನಾನು ಬೆರಳಿಟ್ಟೆ. ಸರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೌದು, ಅವಳೇ ಎಂದರು. ದಪ್ಪ ಆಗ್ಯಾಳ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನು ಲೆಕ್ಕ ಸರಿಯಾಯಿತು ಎಂದು ನನ್ನ ಅಂದಾಜು. ಎರಡು ಅರ್ಧ ಸೇರಿದರೆ ಒಂದು ಪೂರ್ತಿ, ಪೂರ್ತಿಯಾದದ್ದು ಮೇಲೆ ಹೋಗಬೇಕು. ಮೂರನೆಯ ಇಯತ್ತೆಯವಳಿಗೂ ಅಷ್ಟು ಗೊತ್ತು.

ಮೇಲೆ ಹೋಗಲಿಲ್ಲ. ಅವರಿಬ್ಬರೂ ಅಲ್ಲಿಯವರೆಗೆ ತಮ್ಮ ತಮ್ಮ ಆಟಗಾರ್ತಿಗಾಗಿ ಬಡಿದಾಡಿದ್ದರು. ಈಗ ಆಟಗಾರ್ತಿ ಒಬ್ಬಳೇ ಆದ ಮೇಲೆ ಇಬ್ಬರಿಗೂ ಅವಳು ಬೇಡವಾದಳು. ಸರ್ ಹೇಳಿದರು, ನೌಕರರ ಆಟ ಏನು ಆಟ, ಹೊಟ್ಟೆ ಬಂದವರು ಓಡಾಡುವುದು, ಅದನ್ನು ಹಿಡಿಯಬಾರದು, ಹಾಸ್ಟೆಲ್ಲಿನಲ್ಲಿ ಆಡಿದ್ದೊಂದನ್ನೇ ಹಿಡಿಯಬೇಕು. ಸಾಹೇಬರು ಹೇಳಿದರು, ಹಾಸ್ಟೆಲ್ಲಿನದು ಹುಡುಗಾಟಿಕೆ, ಅದನ್ನು ಹಿಡಿಯುವುದಾದರೆ ಕಣ್ಣಾಮುಚ್ಚಾಲೆಯನ್ನೂ ಹಿಡಿಯಿರಿ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಕಳೆದರು. ಕೂಡಿಸುವವರು ಯಾರೂ ಇರಲಿಲ್ಲ. ಮೊದಲು ಬೇರೆ ಬೇರೆಯಾಗಿ ಮೂರನೆಯವಳೂ ಐದನೆಯವಳೂ ಆಗಿದ್ದವಳು ಒಂದಾದ ಮೇಲೆ ಐದನೆಯ ಜಾಗದಲ್ಲಿ ಬಂದು ನಿಂತಳು. ಹೆಂಗಸರಿಗೆ ಒಂದು ಜಾಗ ಬೇಕೇ ಬೇಕು ಎಂದು ಅದನ್ನೂ ಉಪಕಾರದ ಧ್ವನಿಯಲ್ಲಿ ಹೇಳಿದರು. ಪೊಲೀಸ್ ಮೂರಕ್ಕೆ ಏರಿದ. ಖಾಲಿಯಾದ ನಾಲ್ಕನೆಯ ಜಾಗಕ್ಕೆ ಸರ್ ತಮ್ಮ ತಮ್ಮನ ಹೆಸರು ಹೇಳಿದರು. ಆ ತಮ್ಮನ ಆಟವನ್ನೂ ನಾನು ಕಿಟಕಿಯಿಂದ ನೋಡಿದ್ದೇನೆ. ಚೆಂಡು ಅವನ ಹತ್ತಿರ ಬಂದರೆ ಅವನು ಹಿಂದೆ ಸರಿಯುತ್ತಿದ್ದ.

ನಾನು ಕೇಳಿದೆ. ಸರ್, ನೀವೇ ಅಲ್ಲವೇ ಅವಳಂಥವಳು ಹುಟ್ಟಿಲ್ಲ ಎಂದವರು?

"ಆಯಿ, ನೀ ತಾಯಿ. ತಾಯಿ ಮಾತು ಇದರಾಗ ಹಿಡಿಯಾಂಗಿಲ್ಲ," ಎಂದರು ಸರ್. "ನಿನ್ನ ಮಗಳು ಗೋಡಿ ಮ್ಯಾಲ ಬರ್ಲಿಕ್ಕತ್ತಾಳ, ಅದು ಸಣ್ಣ ಮಾತೇನು? ಒಂದ ಕೇಟಿ ಹಾಕು."

ಅರ್ಧ ಚಹಾಕ್ಕೆ ಕೇಟಿ ಅನ್ನುವುದು ಅವರೊಬ್ಬರೇ. ಹಾಕಿ ಕೊಟ್ಟೆ. ಮಗಳಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೆಲ್ಲ ಹಚ್ಚಿ ಹೇಳುವುದು ನನಗೆ ಬರುವುದಿಲ್ಲ. ಯಾವ ಹೆಸರು ಬರೆಯುತ್ತಾರೆ ಎಂದು ಕೇಳಿದಳು. ನೀನು ಹೇಳಿದ ಹೆಸರನ್ನೇ ಹೇಳಿದ್ದೇನೆ ಎಂದೆ. ಹೇಳಿದ್ದು ಖರೆ. ಸರ್ ತಲೆ ಆಡಿಸಿದ್ದೂ ಖರೆ. ಐದನೆಯದಾದರೂ ಆಗಲಿ, ಆ ಹೆಸರಿದ್ದರೆ ಸಾಕು ಎಂದಳು. ಎರಡರಿಂದ ಐದಕ್ಕೆ ಇಳಿದಿದ್ದಳು, ಇನ್ನೂ ಉದ್ಘಾಟನೆಗೆ ಬರುತ್ತೇನೆ ಅನ್ನುತ್ತಿದ್ದಳು.

ಉದ್ಘಾಟನೆಯ ದಿನ ಅವಳೂ ಅಳಿಯನೂ ಬೆಳಗಿನ ಬಸ್ಸಿಗೆ ಬಂದರು. ಬಯಲು ಗುರುತು ಸಿಗದ ಹಾಗಾಗಿತ್ತು. ಬೂದಿ ಬಣ್ಣದ ಸಿಮೆಂಟು, ಹೊಸ ರಿಂಗು, ಅದಕ್ಕೆ ಬಿಳಿ ಜಾಲಿ, ಶಾಮಿಯಾನಾ, ಖುರ್ಚಿ. ಗೋಡೆಯ ಮೇಲೆ ಹೆಸರು ಬರೆಯುವ ಪೇಂಟರ್ ತಡಮಾಡಿದ್ದ, ಕೊನೆಯ ಸಾಲು ಆಗಷ್ಟೇ ಮುಗಿಸಿ ಬ್ರಶ್ಶು ತೊಳೆಯುತ್ತಿದ್ದ. ಕೆಂಪು ಅಕ್ಷರ, ಇನ್ನೂ ಹಸಿ. ಮಗಳು ಅಲ್ಲಿಯವರೆಗೆ ನಡೆದು ಹೋಗುವ ಮೊದಲೇ ಸಾಹೇಬರು ನಗುತ್ತಾ ಬಂದು ಅವಳ ಕೈಯಲ್ಲಿ ಆರತಿಯ ತಾಟು ಕೊಟ್ಟರು.

"ಮೇಡಂ, ಬರೋಬರ್ ಬಂದ್ರಿ. ಪಾವಣೇರು ಬಂದ್ರು ಅಂದ್ರ ಕುಂಕುಮ ಹಚ್ಚಿ ಒಳಗ ಕರ್ಕೊಂಡ ಬರ್ರಿ. ಹೆಣ್ಣುಮಕ್ಕಳು ಬ್ಯಾರೆ ಯಾರೂ ಇಲ್ಲ."

ಬಂದಿದ್ದ ಉಳಿದ ಆಟಗಾರರು ಖುರ್ಚಿಯ ಮೇಲೆ ಕುಳಿತಿದ್ದರು. ಸರ್ ಅವರ ತಮ್ಮ ಹೊಸ ಬೂಟು ಹಾಕಿಕೊಂಡಿದ್ದ. ಮಗಳು ತಾಟು ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಓದಲು ನನಗೆ ಹೊತ್ತು ಹಿಡಿಯುತ್ತದೆ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳು ಓದಿ ಮುಗಿಸಿದ್ದಳು. ಐದನೆಯ ಸಾಲಿನಲ್ಲಿ ಮೊದಲು ಶ್ರೀಮತಿ ಎಂದಿತ್ತು, ಆಮೇಲೆ ಅಕ್ಕಿಯಲ್ಲಿ ಬರೆದ ಹೆಸರು, ಆಮೇಲೆ ಅಳಿಯನ ಹೆಸರು, ಆಮೇಲೆ ಅವನ ಮನೆತನ, ಕೊನೆಗೆ ಔರಾದ. ನಾನಿಟ್ಟ ಹೆಸರು ಎಲ್ಲಿಯೂ ಇರಲಿಲ್ಲ. ಬೇರೆ ನಾಲ್ಕು ಜನರಿಗೆ ಹೆಂಡಿರ ಹೆಸರು ಹಚ್ಚಿರಲಿಲ್ಲ.

ಅಳಿಯ ಸರ್ ಅವರಿಗೆ ಫೋನು ಮಾಡಿದ್ದನೋ, ಅವರೇ ಕೇಳಿದ್ದರೋ, ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಹೌದು ಅನ್ನುತ್ತಾನೆ. ಅದರಲ್ಲಿ ತಪ್ಪೇನಿದೆ ಎಂದೂ ಅನ್ನುತ್ತಾನೆ.

ಮಗಳು ತಾಟನ್ನು ನೆಲದ ಮೇಲೆ ಇಟ್ಟಳು. ಎಡ ಅಂಗೈಯನ್ನು ಶ್ರೀಮತಿಯ ಮೇಲೆ ಇಟ್ಟು ಔರಾದದ ತನಕ ಎಳೆದಳು. ಮತ್ತೊಮ್ಮೆ ಎಳೆದಳು. ಪೇಂಟರ್ ಮಾತ್ರ, ಅಯ್ಯ ಮೇಡಂ, ಹಸಿ ಅದರಿ ಎಂದ. ಪಾಪ, ಗೊತ್ತಿಲ್ಲದೆ ಕೈ ತಾಗಿತು ಎಂದುಕೊಂಡಿದ್ದ. ಅಂಗೈ ತುಂಬ ಕೆಂಪು ಬಣ್ಣವಾಗಿತ್ತು. ಅವಳು ಒಂದು ಕೈಯಿಂದ ಮೊಣಕಾಲು ಹಿಡಿದು ಬಗ್ಗಿ ಅದನ್ನು ಹೊಸ ಸಿಮೆಂಟಿಗೆ ಉಜ್ಜಿದಳು. ಊದಲಿಲ್ಲ. ಸೀದಾ ಗೇಟಿನ ಹೊರಗೆ ನಡೆದಳು.

ಅಷ್ಟರಲ್ಲಿ ಉದ್ಘಾಟನೆ ಮಾಡುವ ಪಾವಣೇರ ಗಾಡಿ ಬಂತು. ಎಲ್ಲರೂ ಆ ಕಡೆ ಓಡಿದರು. ನೆಲದ ಮೇಲಿನ ತಾಟು ಯಾರೋ ಎತ್ತಿಕೊಂಡರು. ಭಾಷಣದಲ್ಲಿ ಐವರು ಮಹಾನ್ ಆಟಗಾರರು ಎಂದು ಹೇಳಿ ಚಪ್ಪಾಳೆ ಹೊಡೆಸಿದರು. ಗೋಡೆಯ ಮೇಲೆ ನಾಲ್ಕು ಹೆಸರು, ಒಂದು ಕಲೆ.

ಬಸ್ ಸ್ಟ್ಯಾಂಡಿನಲ್ಲಿ ಔರಾದಿನ ಗಾಡಿಗೆ ಕಾಯುವಾಗ ಅಳಿಯ ದೂರ ಹೋಗಿ ನಿಂತಿದ್ದ, ಮುಖ ಕೆಂಪಗೆ ಮಾಡಿಕೊಂಡು. ಮಗಳ ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದೆ. ಅವಳು ಕೈ ನೋಡಿಕೊಂಡಳು.

"ಇಬ್ಬರಿದ್ದಾಗ ಇಬ್ಬರೂ ಇದ್ವಿ ಅವ್ವಾ. ಒಬ್ಬಾಕಿ ಆದಮ್ಯಾಲ ಯಾರೂ ಇಲ್ದಂಗಾತು."

ನಾನು ಹೇಳಬಾರದಿತ್ತೋ ಎಂದು ಕೇಳಿದೆ. ಹೇಳು ಅಂದಾಕಿ ನಾನೇ ಎಂದಳು. ಗಾಡಿ ಬಂತು, ಹತ್ತಿದಳು. ಕಿಟಕಿಯಿಂದ ಕೈ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಮ್ಮಲ್ಲಿ ಅದು ರೂಢಿ ಇಲ್ಲ.

ಗೋಡೆಯ ಕಲೆಗೆ ಮತ್ತೆ ಸುಣ್ಣ ಹೊಡೆಸಿದರು. ಐದನೆಯ ಜಾಗ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ಮಂಡಳಿಯವರು ಕುಳಿತು ವಿಚಾರ ಮಾಡಿದರು, ನನ್ನ ಬಾಕಿನ ಮೇಲೆಯೇ. ಭಾಲ್ಕಿಯ ಸಾಹೇಬರೂ ಕಾಲೇಜಿನಲ್ಲಿದ್ದಾಗ ಆಡಿದ್ದರಂತೆ. ಇಷ್ಟು ದಿನ ಹೇಳಿರಲಿಲ್ಲ. ಈಗ ಐದನೆಯ ಸಾಲಿನಲ್ಲಿ ಅವರಿದ್ದಾರೆ, ನಾಲ್ಕನೆಯ ಸಾಲಿನಲ್ಲಿ ಸರ್ ಅವರ ತಮ್ಮ. ಬಣ್ಣ ಪೂರಾ ಒಣಗಿದೆ.

ಇಬ್ಬರೂ ದಿನಾ ಬಂದು ಚಹಾ ಕುಡಿಯುತ್ತಾರೆ, ಕೊಡುತ್ತೇನೆ. ಬರಬೇಡಿ ಎಂದರೆ ಅಂಗಡಿ ನಡೆಯುವುದಿಲ್ಲ. ಜಗಳ ಮಾತ್ರ ನಿಂತಿಲ್ಲ. ಹೊಸ ಹುಡುಗರು ಅಮೆರಿಕದವರನ್ನು ತೂಗಿ ಮುಗಿಸಿ, ಬೇಸರ ಬಂದಾಗ ಗೋಡೆಯ ಕಡೆ ನೋಡಿ, ಆಯಿ, ನೀನು ಕಿಟಕಿಯಿಂದ ಎಲ್ಲರ ಆಟ ನೋಡಿದ್ದೀಯಂತೆ, ನಿನ್ನ ಪ್ರಕಾರ ಇವರಲ್ಲಿ ಯಾರು ಮೇಲೆ ಎಂದು ಕೇಳುತ್ತಾರೆ. ಮೊದಲನೆಯವನು ಬರೋಬರ್ ಇದ್ದಾನೆ ಎನ್ನುತ್ತೇನೆ. ಎರಡನೆಯವಳು ಎಡಚಿ ಎನ್ನುತ್ತೇನೆ. ಅವರು ತಿರುಗಿ ಗೋಡೆಯನ್ನು ಓದುತ್ತಾರೆ. ಅಲ್ಲಿ ಎರಡನೆಯವನು ಗಂಡಸು. ಮುದುಕಿಗೆ ಓದಲು ಬರುವುದಿಲ್ಲ ಎಂದುಕೊಂಡು, ಇನ್ನೊಂದು ತಾಟು ಭಜಿ ಹೇಳುತ್ತಾರೆ.